ತಾಯಿ, ಮಗಳು, ವಿಭಕ್ತಿ

ವ್ಯಾಕರಣದ ಪಾಠವನ್ನು ಕುರಿತು ತಂದೆತಾಯಂದಿರು ನಮ್ಮ ಬಳಿಗೆ ತರುವ ದೂರು ಪ್ರತಿವರುಷವೂ ಒಂದೇ ತೆರನಾದದ್ದು. ವಿಭಕ್ತಿ ಪ್ರತ್ಯಯಗಳನ್ನು ಕಲಿತು ನಮ್ಮ ಹುಡುಗಿಗೆ ಆಗಬೇಕಾದದ್ದೇನು? ಮನೆಯಲ್ಲಿ ಕನ್ನಡವನ್ನೇ ಆಡುತ್ತಾಳೆ, ಪ್ರತ್ಯಯಗಳನ್ನು ತಪ್ಪದೆ ಹಚ್ಚುತ್ತಾಳೆ; ಪರೀಕ್ಷೆಯಲ್ಲಿ ಅದಕ್ಕೆ ದೊರಕುವ ಅಂಕಗಳು ಬೆರಳೆಣಿಕೆಯವು; ಆ ಅಂಕಗಳಿಗೆ ಬೇಕಾದ ಪಟ್ಟಿಯು ಪೇಟೆಯ ಗೈಡುಗಳಲ್ಲಿ ಅಚ್ಚಾಗಿ ಸಿದ್ಧವಾಗಿದೆ. ಆದುದರಿಂದ ಒಂಬತ್ತನೆಯ ತರಗತಿಗೆ ವಾರದಲ್ಲಿ ಇರುವ ಎರಡು ವ್ಯಾಕರಣದ ಅವಧಿಗಳಲ್ಲಿ ಒಂದನ್ನಾದರೂ ಗಣಿತಕ್ಕೆ ಬಿಟ್ಟುಕೊಡಬಾರದೇ? ಕಳೆದ ಪೋಷಕರ ಸಭೆಯಲ್ಲಿ ಈ ಮಾತು ಬಹಳ ಮರ್ಯಾದೆಯಿಂದಲೇ ಬಂತು. ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ಈಗ ತಾವೇ ತಾಯಂದಿರಾದವರು, ಅದಕ್ಕೆ ತಲೆದೂಗಿದರು. ಸಭೆಯಲ್ಲಿ ಉತ್ತರ ಹೇಳಲು ಸಮಯ ಸಾಲದೆ ಹೋದುದರಿಂದ ಈ ಸಂಚಿಕೆಯ ಪುಟಗಳನ್ನು ಅದಕ್ಕಾಗಿ ಬಳಸಿಕೊಳ್ಳುತ್ತೇವೆ.

ಉತ್ತರವು ಸ್ವಲ್ಪ ಸುತ್ತುದಾರಿಯಿಂದ ಬರುವದು. ಗ್ರೀಕರು ಬೆಳೆಯ ದೇವತೆಯೆಂದು ಪೂಜಿಸುತ್ತಿದ್ದ ದೇಮೇತೇರ್ ಎಂಬವಳ ಹೆಸರನ್ನು ಅವರ ವ್ಯಾಕರಣವು ಹೇಗೆ ನಡಿಸಿಕೊಂಡಿತು ಎಂಬದನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ. ಮಿಶನ್ ಶಾಲೆಯ ಸಂಚಿಕೆಯಲ್ಲಿ ಅನ್ಯದೇವತೆಗೆ ಏನು ಕೆಲಸವೆಂದು ಯಾರಾದರೂ ಹುಬ್ಬೇರಿಸಿದರೆ, ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಬರುವ ಎಫೆಸದ ಬೆಳ್ಳಿ ಕೆಲಸದವನ ಹೆಸರನ್ನು ನೋಡಲಿ. ದೇಮೇತ್ರಿಯ ಎಂದರೆ ದೇಮೇತೇರಳಿಗೆ ಸಲ್ಲುವವನು. ಯೋಹಾನನ ಮೂರನೆಯ ಪತ್ರಿಕೆಯಲ್ಲಿ ಎಲ್ಲರಿಂದಲೂ ಒಳ್ಳೇ ಸಾಕ್ಷಿ ಹೊಂದಿದ ಕ್ರೈಸ್ತನೊಬ್ಬನಿಗೂ ಅದೇ ಹೆಸರು. ಸಭೆಯ ಸೇವಕಿಯೆಂದು ಪೌಲನು ರೋಮಾಪುರದವರಿಗೆ ಪರಿಚಯಮಾಡಿಕೊಡುವ ಫೊಯಿಬೆಯ ಹೆಸರೂ ಹಳೆಯ ಗ್ರೀಕ್ ದೇವತೆಯೊಬ್ಬಳದ್ದೇ. ಆ ಕಾಲದ ವಿಶ್ವಾಸಿಗಳು ಇಂಥ ಹೆಸರುಗಳಿಗೆ ಹೆದರಲಿಲ್ಲ. ನಾವೂ ಹೆದರುವ ಕಾರಣವಿಲ್ಲ.

ನಾವು ಗ್ರೀಕ್ ಪಂಡಿತರಲ್ಲವೆಂದು ಮೊದಲೇ ಹೇಳಿಬಿಡುವದು ಒಳ್ಳೆಯದು. ಕನ್ನಡ ಕಲಿಸುವ ತರಬೇತಿ ಹೊಂದಿ, ಹೊಸ ಒಡಂಬಡಿಕೆಯನ್ನು ಮೂಲದಲ್ಲಿ ಓದಬೇಕೆಂಬ ಆಶೆಯಿಂದ ಆ ಭಾಷೆಯ ವ್ಯಾಕರಣವನ್ನು ಕಲಿತವರು. ಕಲಿಯುವಾಗ ಮೊದಲು ಕಂಡ ಆಶ್ಚರ್ಯವೇನೆಂದರೆ, ಇಂಗ್ಲಿಷಿನ ಮೂಲಕ ಗ್ರೀಕನ್ನು ಕಲಿಯುವವನಿಗಿಂತ ಕನ್ನಡದ ಮೂಲಕ ಕಲಿಯುವವಳಿಗೆ ದಾರಿ ಸುಲಭ. ಗ್ರೀಕಿನಲ್ಲಿ ಹ್ರಸ್ವ ಎಕಾರಕ್ಕೊಂದು ಅಕ್ಷರ, ದೀರ್ಘ ಏಕಾರಕ್ಕೆ ಬೇರೊಂದು. ಒಕಾರ ಓಕಾರಗಳಿಗೂ ಹಾಗೆಯೇ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಈ ಭೇದವು ಅಳಿಸಿಹೋಗುವದು. ಸಂಸ್ಕೃತದಲ್ಲಿ ಹ್ರಸ್ವ ಎಕಾರವೇ ಇಲ್ಲ. ಕನ್ನಡದಲ್ಲಿ ಎರಡೂ ಇರುವದರಿಂದ ದೇವತೆಯ ಹೆಸರನ್ನು ಒಂದು ಮಾತ್ರೆಯೂ ಏರುಪೇರಾಗದಂತೆ ನಮ್ಮ ಲಿಪಿಯಲ್ಲಿ ಬರೆಯಬಹುದು. ಅಥೆನ್ಸಿನವರಿಗೇ ಬಹುಕಾಲದವರೆಗೆ ಈ ಸೌಕರ್ಯವಿರಲಿಲ್ಲ. ಎ ಏ ಎರಡಕ್ಕೂ ಒಂದೇ ಅಕ್ಷರವನ್ನು ಬರೆಯುತ್ತಿದ್ದು, ದೀರ್ಘಕ್ಕೆ ಪ್ರತ್ಯೇಕ ಅಕ್ಷರವಿರುವ ಅಯೋನಿಯದ ವರ್ಣಮಾಲೆಯನ್ನು ರಾಜ್ಯದ ಬರಹಕ್ಕಾಗಿ ಒಪ್ಪಿಕೊಂಡದ್ದು ಕ್ರಿ. ಪೂ. 403ರಲ್ಲಿ.

ಇನ್ನು ಹೆಸರಿಗೆ ಬರೋಣ. ಗ್ರೀಕ್ ವ್ಯಾಕರಣದಲ್ಲಿ ವಿಭಕ್ತಿಗಳು ಐದು. ಪ್ರಥಮೆಯಲ್ಲಿ ಅವಳು ದೇಮೇತೇರ್. ಷಷ್ಠಿಯಲ್ಲಿ ದೇಮೇತ್ರೊಸ್, ಅಂದರೆ ದೇಮೇತೇರಳ. ಚತುರ್ಥಿಯಲ್ಲಿ ದೇಮೇತ್ರಿ. ದ್ವಿತೀಯೆಯಲ್ಲಿ ದೇಮೇತ್ರ. ಸಂಬೋಧನೆಯಲ್ಲಿ ದೇಮೇತೆರ್, ಕೊನೆಯ ಏಕಾರವು ಹ್ರಸ್ವವಾಗಿ. ನಮ್ಮ ‘ತಾಯಿ’ ಶಬ್ದದೊಡನೆ ಹೋಲಿಸಿ ನೋಡಿದರೆ ವ್ಯತ್ಯಾಸವು ಕೂಡಲೇ ಕಾಣುವದು. ತಾಯಿಯನ್ನು, ತಾಯಿಯಿಂದ, ತಾಯಿಗೆ, ತಾಯಿಯ, ತಾಯಿಯಲ್ಲಿ: ಕನ್ನಡದ ತಾಯಿಯು ಎಲ್ಲಿ ಹೋದರೂ ಮೈ ಕುಗ್ಗಿಸುವದಿಲ್ಲ, ಪ್ರತ್ಯಯಗಳೇ ಬಂದು ಅವಳ ಸೆರಗು ಹಿಡಿಯುವವು. ಗ್ರೀಕಿನವಳೋ ಬಾಗಿಲು ಬಾಗಿಲಿಗೆ ತಕ್ಕಂತೆ ತಾನೇ ಬಾಗುತ್ತಾಳೆ. ಗ್ರೀಕ್ ವ್ಯಾಕರಣಕಾರರು ವಿಭಕ್ತಿಗೆ ಇಟ್ಟ ಹೆಸರಿನ ಅರ್ಥವೂ ಅದೇ: ಅದನ್ನು ಅವರು ‘ಪ್ತೋಸಿಸ್’, ಬೀಳುವಿಕೆ, ಎಂದರು, ಪ್ರಥಮೆಯನ್ನು ‘ನೆಟ್ಟಗೆ ನಿಂತದ್ದು’ ಎಂದರು. ನಮ್ಮವರು ವಿಭಕ್ತಿ ಎಂದರೆ ವಿಭಾಗ ಎಂದರು. ಎರಡು ದೇಶದ ವೈಯಾಕರಣರು ಒಂದೇ ವಸ್ತುವನ್ನು ಎರಡು ಕಿಟಿಕಿಗಳಿಂದ ನೋಡಿದ ಹಾಗೆ.

ದೇಮೇತೇರ್ ಎಂಬುದರ ಹಿಂದಿನ ಅರ್ಧ ‘ಮೇತೇರ್’, ಎಂದರೆ ತಾಯಿ. ಸಂಸ್ಕೃತದ ಮಾತೃ ಶಬ್ದದ ಒಡಹುಟ್ಟು. ಮುಂದಿನ ‘ದೇ’ ಎಂಬುದರ ಅರ್ಥಕ್ಕಾಗಿ ಎರಡು ಸಾವಿರ ವರುಷಗಳಿಗೂ ಹೆಚ್ಚು ಕಾಲದಿಂದ ಜಗಳ ನಡೆದಿದೆ. ಭೂಮಿ ಎಂಬರ್ಥದ ‘ಗೇ’ ಶಬ್ದವೇ ಹೀಗೆ ಮಾರ್ಪಟ್ಟಿತೆಂದೂ ಆದುದರಿಂದ ಅವಳು ಭೂಮಾತೆಯೆಂದೂ ಹಳೆಯ ಗ್ರೀಕರಲ್ಲಿ ಕೆಲವರು ತಿಳಿದರು. ಪ್ಲೇಟೋ ತನ್ನ ‘ಕ್ರಾತಿಲೊಸ್’ ಎಂಬ ಸಂವಾದದಲ್ಲಿ ತಾಯಿಯ ಹಾಗೆ ಕೊಡುವವಳು ಎಂಬ ಅರ್ಥವನ್ನು ಸಾಕ್ರೆಟಿಸನ ಬಾಯಿಂದ ಹೇಳಿಸಿದನು. ಅದು ಅರ್ಧ ವಿನೋದ. ಗಕಾರವು ದಕಾರವಾಗುವ ನಿಯಮ ಗ್ರೀಕಿನಲ್ಲಿ ಇಲ್ಲದಿರುವದರಿಂದ ಇಂದಿನ ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಮೊದಲನೆಯದನ್ನೂ ಒಪ್ಪುವದಿಲ್ಲ. ಸಂತೆಯಲ್ಲಿ ಸಿಕ್ಕ ವ್ಯುತ್ಪತ್ತಿಗಳನ್ನು ನಂಬುವ ಚಪಲ ನಮ್ಮ ನಾಡಿನಲ್ಲಿಯೂ ಬಹಳ. ಊರಿನ ಹೆಸರಿಗೆ ಕಥೆ ಕಟ್ಟುವದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಧ್ವನಿಯ ನಿಯಮವು ಅಡ್ಡ ನಿಂತಾಗ ಕಥೆಯನ್ನು ಬಿಡಬೇಕೆಂಬ ಶಿಸ್ತು ವ್ಯಾಕರಣದಿಂದ ಮಾತ್ರ ಬರುವದು.

ಇಲ್ಲಿ ಒಂದು ಸೂಕ್ಷ್ಮವುಂಟು. ಸಾಮಾನ್ಯ ತಾಯಿಯ ಶಬ್ದರೂಪಗಳಿಗೂ ಈ ದೇವತಾತಾಯಿಯ ರೂಪಗಳಿಗೂ ಪೂರ್ಣ ಹೊಂದಿಕೆಯಿಲ್ಲ. ಮನೆಯ ತಾಯಿಯು ದ್ವಿತೀಯೆಯಲ್ಲಿ ‘ಮೇತೆರ’; ನಡುವಣ ಎಕಾರ ಉಳಿಯುವದು. ದೇವತೆಯು ‘ದೇಮೇತ್ರ’; ಎಕಾರ ಹಾರಿಹೋಯಿತು. ಸ್ವರಭಾರದಲ್ಲಿಯೂ ಹಾಗೆಯೇ. ಹಳೆಯ ಗ್ರೀಕಿನ ಪ್ರತಿ ಶಬ್ದದಲ್ಲಿ ಒಂದು ಅಕ್ಷರವನ್ನು ವೇದದ ಉದಾತ್ತದಂತೆ ಎತ್ತರದ ದನಿಯಲ್ಲಿ ಹೇಳುತ್ತಿದ್ದರು. ‘ತಾಯಿಯ’, ‘ತಾಯಿಗೆ’ ಎಂಬಲ್ಲಿ ಆ ಎತ್ತರವು ಶಬ್ದದ ಕೊನೆಗೆ ಬೀಳುವದು. ದೇವತೆಯ ಹೆಸರಿನಲ್ಲಿಯೋ ಒಂದು ವಿಭಕ್ತಿಯಲ್ಲಿಯೂ ಅದು ಕೊನೆಗೆ ಬಾರದೆ, ನಿಯಮವು ಬಿಟ್ಟಷ್ಟು ದೂರ ಮುಂದಕ್ಕೆ ಸರಿದು ನಿಲ್ಲುವದು. ತಾಯಿ ಎಂಬ ಶಬ್ದವು ಒಬ್ಬಳ ಅಂಕಿತನಾಮದೊಳಗೆ ಸೇರಿಕೊಂಡ ಕೂಡಲೇ ಬೇರೆ ದನಿಯನ್ನು ಪಡೆಯಿತೆಂದು ಅರ್ಥ. ಇದನ್ನು ನಾವು ದೇವತಾಶಾಸ್ತ್ರಕ್ಕೆ ಎಳೆಯುವದಿಲ್ಲ. ಸಮಾಸಗಳಲ್ಲಿ ಸ್ವರ ಹಿಂದೆ ಮುಂದೆ ಆಗುವದು ಆ ಭಾಷೆಯ ಸಾಧಾರಣ ನಡತೆ.

ಸಂಬೋಧನೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಕನ್ನಡದವರು ಕರೆಯುವಾಗ ಕೊನೆಯನ್ನು ಎಳೆಯುತ್ತಾರೆ: ಅಮ್ಮಾ, ಅಕ್ಕಾ, ತಾಯೇ. ಗ್ರೀಕರು ಕೊನೆಯನ್ನು ಮೊಟಕು ಮಾಡಿದರು. ತಂದೆ ಎಂಬುದಕ್ಕೆ ಪ್ರಥಮೆಯಲ್ಲಿ ‘ಪತೇರ್’, ಎತ್ತರದ ದನಿ ಕೊನೆಯಲ್ಲಿ. ಕರೆಯುವಾಗ ‘ಪತೆರ್’, ಎತ್ತರವು ಥಟ್ಟನೆ ಮೊದಲಿಗೆ. ವೇದದ ಸಂಸ್ಕೃತದಲ್ಲಿಯೂ ಸಂಬೋಧನೆಗೆ ಸ್ವರ ಬಂದರೆ ಅದು ಮೊದಲ ಅಕ್ಷರಕ್ಕೇ ಬರುವದು. ಕರ್ತನು ಕಲಿಸಿದ ಪ್ರಾರ್ಥನೆಯು ಮತ್ತಾಯನ ಗ್ರೀಕ್ ಮೂಲದಲ್ಲಿ ಆರಂಭವಾಗುವದು ಈ ‘ಪತೆರ್’ ಎಂಬ ಸಂಬೋಧನೆಯಿಂದ. ಕನ್ನಡದಲ್ಲಿ ಪ್ರತಿ ಬೆಳಿಗ್ಗೆ ನಮ್ಮ ಸಭಾಂಗಣದಲ್ಲಿ ನಾನೂರು ಹುಡುಗಿಯರು ‘ತಂದೆಯೇ’ ಎನ್ನುವಾಗ ಆ ಏಕಾರವೇ ಪ್ರಾರ್ಥನೆಯನ್ನು ಪ್ರಾರ್ಥನೆಯಾಗಿ ಮಾಡಿರುವದು. ಅದನ್ನು ತೆಗೆದರೆ ಉಳಿಯುವದು ತಂದೆಯ ವಿಷಯವಾದ ಒಂದು ಹೇಳಿಕೆ. ಗೈಡಿನ ಪಟ್ಟಿಯಲ್ಲಿ ಸಂಬೋಧನೆಗೆ ಕಟ್ಟಕಡೆಯ ಸಾಲು, ಅದರೆದುರು ‘ಏ, ಆ’ ಎಂಬ ಎರಡಕ್ಷರ. ಹುಡುಗಿಯು ಅದನ್ನು ಬಾಯಿಪಾಠ ಮಾಡಿ ಒಂದು ಅಂಕ ಪಡೆಯುವಳು. ತಾನು ಬೆಳಿಗ್ಗೆ ಬಾಯಿಂದ ಆಡಿದ್ದೇ ಇದು ಎಂದು ಅವಳಿಗೆ ಹೊಳೆಯುವದೇ ಇಲ್ಲ.

ದೇಮೇತೇರಳ ಕಥೆಯನ್ನು ಬಲ್ಲವರು ಬಲ್ಲರು. ಅವಳ ಒಬ್ಬಳೇ ಮಗಳು ಹೂ ಕೊಯ್ಯುತ್ತಿರುವಾಗ ಪಾತಾಳದ ಅರಸನು ಅವಳನ್ನು ಹೊತ್ತುಕೊಂಡು ಹೋದನು. ತಾಯಿಯು ಒಂಬತ್ತು ದಿನ ಪಂಜು ಹಿಡಿದು ಅಲೆದಳು. ಆಮೇಲೆ ಭೂಮಿಯಲ್ಲಿ ಬೀಜ ಮೊಳೆಯದಂತೆ ಮಾಡಿದಳು. ಕೊನೆಗೆ ಮಗಳು ಮರಳಿ ಬಂದಳು, ಆದರೆ ಕೆಳಗೆ ದಾಳಿಂಬೆಯ ಬೀಜವನ್ನು ತಿಂದಿದ್ದುದರಿಂದ ವರುಷದ ಮೂರನೆಯ ಒಂದು ಪಾಲು ಅಲ್ಲಿಯೇ ಇರಬೇಕಾಯಿತು. ಇದನ್ನು ಹೇಳುವ 495 ಸಾಲುಗಳ ಹಳೆಯ ಸ್ತೋತ್ರವು ಕಳೆದೇ ಹೋಗಿತ್ತು. 1777ರಲ್ಲಿ ಮಾಸ್ಕೋ ನಗರದಲ್ಲಿ ಒಂದೇ ಒಂದು ಕೈಬರಹದ ಪ್ರತಿ ಸಿಕ್ಕಿತು. ಮಗಳಿಗೆ ಪೆರ್ಸೆಫೊನೇ ಎಂಬ ಹೆಸರಿದ್ದರೂ ಅಥೆನ್ಸಿನವರು ಅವಳನ್ನು ಹೆಚ್ಚಾಗಿ ‘ಕೊರೇ’ ಎನ್ನುತ್ತಿದ್ದರು. ಕೊರೇ ಎಂದರೆ ಹುಡುಗಿ, ಅಷ್ಟೇ.

ಈ ಶಬ್ದಕ್ಕೆ ಇನ್ನೊಂದು ಅರ್ಥವೂ ಇತ್ತು: ಕಣ್ಣಿನ ಪಾಪೆ. ಎದುರಿನವರ ಕಣ್ಣಿನಲ್ಲಿ ನೋಡಿದರೆ ನಮ್ಮದೇ ಪುಟ್ಟ ರೂಪವು ಕಾಣುವದರಿಂದ ಗ್ರೀಕರು ಅದನ್ನು ‘ಹುಡುಗಿ’ ಎಂದರು. ಸಂಸ್ಕೃತದ ‘ಕನೀನಿಕೆ’ಗೂ ಪುಟ್ಟ ಹುಡುಗಿ, ಕಣ್ಣಿನ ಪಾಪೆ ಎಂಬ ಎರಡೂ ಅರ್ಥಗಳುಂಟು. ಕನ್ನಡದ ಪಾಪೆಯಾದರೂ ಮತ್ತೇನು? ಗೊಂಬೆಗೂ ಕಣ್ಣಿನ ನಡುವಣ ಕಪ್ಪಿಗೂ ಒಂದೇ ಮಾತು. ಮೂರು ಭಾಷೆಗಳು ಒಂದೇ ಕಣ್ಣಿನೊಳಗೆ ಇಣಿಕಿ ನೋಡಿ ಒಂದೇ ಮಗುವನ್ನು ಕಂಡವು. ಇದನ್ನು ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಹೇಳಿದಾಗ ಹುಡುಗಿಯರು ಜೋಡಿ ಜೋಡಿಯಾಗಿ ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತ ಕುಳಿತುಬಿಟ್ಟರು. ಆ ದಿನ ಮುಂದಿನ ಪಾಠ ಸಾಗಲಿಲ್ಲ.

ಆದರೆ ವ್ಯಾಕರಣಕ್ಕೆ ಕೊರೇ ಒಂದು ಒಗಟಾಗಿತ್ತು. ಅಥೆನ್ಸಿನ ಗ್ರೀಕಿನಲ್ಲಿ ರೇಫದ ಮುಂದೆ ಸ್ತ್ರೀಲಿಂಗದ ‘ಆ’ ಎಂಬ ಕೊನೆಯು ‘ಏ’ ಆಗದೆ ‘ಆ’ ಆಗಿಯೇ ಉಳಿಯಬೇಕೆಂಬುದು ನಿಯಮ. ಹಾಗಾದರೆ ಕೊರಾ ಎನ್ನಬೇಕಲ್ಲದೆ ಕೊರೇ ಏಕೆ? ಉತ್ತರವು ಕಳೆದುಹೋದ ಒಂದು ಅಕ್ಷರದಲ್ಲಿದೆ. ಹಿಂದೆ ಅದು ‘ಕೊರ್ವಾ’ ಆಗಿತ್ತು. ವಕಾರವು ನಡುವೆ ನಿಂತು ರೇಫವನ್ನು ‘ಆ’ ಎಂಬುದಕ್ಕೆ ಮುಟ್ಟಗೊಡಲಿಲ್ಲ. ‘ಆ’ ಏಕಾರವಾದ ಮೇಲೆ ವಕಾರವು ತಾನೂ ಮಾಯವಾಯಿತು. ಸತ್ತವನ ಅಡ್ಡಗೋಡೆ ಮಾತ್ರ ಉಳಿದ ಹಾಗೆ. ಕನ್ನಡದಲ್ಲಿಯೂ ಇಂಥ ಗೋಡೆಗಳುಂಟು. ನಮ್ಮ ‘ಕತ್ತೆ’ಯ ಒತ್ತಕ್ಷರ ಎಲ್ಲಿಂದ ಬಂತು? ಹಳಗನ್ನಡದ ‘ಕೞ್ತೆ’ಯಿಂದ. ೞಕಾರವು ಸತ್ತು ಶತಮಾನಗಳು ಕಳೆದರೂ ಕತ್ತೆಯು ಅದನ್ನು ಬೆನ್ನಮೇಲೆ ಹೊತ್ತೇ ನಡೆಯುತ್ತಿದೆ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆಯುವಾಗಲೇ ಜನರು ೞಕಾರವನ್ನು ಬೇರೆ ಅಕ್ಷರಗಳೊಡನೆ ಬೆರಸುತ್ತಿದ್ದುದರಿಂದ ಅದಿರುವ ಶಬ್ದಗಳನ್ನು ಪಟ್ಟಿಮಾಡಿಟ್ಟನು. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದವರು ಬಾಸೆಲ್ ಮಿಶನಿನ ಕಿಟ್ಟೆಲರು. 1894ರ ಅವರ ನಿಘಂಟಿನಲ್ಲಿ ಅಂಥ ಹಳೆಯ ರೂಪಗಳಿಗೆಲ್ಲ ಜಾಗ ಕೊಟ್ಟಿದ್ದಾರೆ.

ಗ್ರೀಕಿನ ಆ ಸತ್ತ ವಕಾರವನ್ನು ಕಣ್ಣಿಗೆ ಕಾಣುವಂತೆ ಮಾಡಿದ ಕಥೆಯಲ್ಲಿ ಒಬ್ಬ ಉಪಾಧ್ಯಾಯಿನಿಯ ಪಾಲುಂಟು. ಅದಕ್ಕಾಗಿಯೇ ಇದನ್ನು ಬಿಟ್ಟುಹೋಗಲು ಮನಸ್ಸಿಲ್ಲ. ಕ್ರೀಟ್ ದ್ವೀಪದ ಕ್ನೊಸೊಸಿನಲ್ಲಿ 1900ರಿಂದ ಆರ್ಥರ್ ಇವಾನ್ಸರು ಅಗೆದು ತೆಗೆದ ಮಣ್ಣಿನ ಹಲಗೆಗಳ ಲಿಪಿಯನ್ನು ಅರ್ಧ ಶತಮಾನದ ವರೆಗೆ ಯಾರಿಂದಲೂ ಓದಲಾಗಲಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಆಲಿಸ್ ಕೋಬರ್ ಎಂಬವರು ಅದು ಯಾವ ಭಾಷೆಯೆಂದು ಊಹಿಸಲು ಹೋಗದೆ, ಶಬ್ದಗಳ ಕೊನೆಗಳನ್ನು ಮಾತ್ರ ನೋಡಿದರು. ಯುದ್ಧಕಾಲದಲ್ಲಿ ಕಾಗದ ಸಿಕ್ಕದಿದ್ದಾಗ ಸಿಕ್ಕಸಿಕ್ಕ ಚೂರುಗಳನ್ನೇ ಚೀಟಿಗಳಾಗಿ ಕತ್ತರಿಸಿ, ಸಿಗರೇಟಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಶಬ್ದದ ಮೊದಲ ಭಾಗವು ಹಾಗೆಯೇ ನಿಂತು ಕೊನೆಯು ಮಾತ್ರ ಕ್ರಮವಾಗಿ ಬದಲಾಗುವದೆಂದು 1945ರಿಂದ ಸಾಲಾಗಿ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿದರು. ಒಂದು ಅಕ್ಷರವನ್ನೂ ಉಚ್ಚರಿಸಲು ತಿಳಿಯದೆ ಶಬ್ದರೂಪಾವಳಿಯನ್ನು ಮಾತ್ರ ಕಂಡುಹಿಡಿದರೆಂದು ಹೇಳಬೇಕು! 1950ರಲ್ಲಿ, 43ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಎರಡು ವರುಷಗಳ ಮೇಲೆ, 1952ರಲ್ಲಿ, ಅವರ ದಾರಿಯನ್ನು ಹಿಡಿದು ಮುಂದೆ ಹೋದ ಮೈಕೇಲ್ ವೆಂಟ್ರಿಸ್ ಎಂಬ ತರುಣ ವಾಸ್ತುಶಿಲ್ಪಿಯು ಲಿಪಿಯನ್ನು ಬಿಡಿಸಿದನು. ಭಾಷೆಯು ಗ್ರೀಕೇ ಆಗಿತ್ತು.

ಆ ಹಲಗೆಗಳಲ್ಲಿ ಏನಿತ್ತು? ಕ್ನೊಸೊಸಿನ ಒಂದರಲ್ಲಿ ‘ಅಥಾನಾ ಪೊತ್ನಿಯಾ’ ಎಂಬ ದೇವಿಯ ಹೆಸರು; ಪೊತ್ನಿಯಾ ಎಂದರೆ ಒಡತಿ, ಸಂಸ್ಕೃತದ ಪತ್ನಿಗೆ ಒಡಹುಟ್ಟು. ಗ್ರೀಸ್ ದೇಶದ ಪೈಲೊಸ್ ಅರಮನೆಯ ಹಲಗೆಗಳಲ್ಲಿ ಹಿಟ್ಟು ಬೀಸುವ, ನೂಲುವ, ಸ್ನಾನಕ್ಕೆ ನೀರು ಹೊಯ್ಯುವ ಹೆಂಗಸರ ಗುಂಪುಗಳ ಲೆಕ್ಕ; ಅವರಿಗೆ ಅಳೆದುಕೊಟ್ಟ ಗೋದಿ ಮತ್ತು ಅಂಜೂರದ ಲೆಕ್ಕ. ಆ ಹೆಂಗಸರ ಹೆಸರುಗಳಿಲ್ಲ. ಅವರ ಮಕ್ಕಳ ಹೆಸರುಗಳೂ ಇಲ್ಲ. ಹುಡುಗರಿಗೆ ‘ಕೊ-ವೊ’ ಇಷ್ಟು, ಹುಡುಗಿಯರಿಗೆ ‘ಕೊ-ವ’ ಇಷ್ಟು ಎಂದು ಸಂಖ್ಯೆ ಮಾತ್ರ. ಆ ಕೊ-ವ ಎಂಬುದೇ ಕೊರ್ವಾ. ಆ ಲಿಪಿಯಲ್ಲಿ ರೇಫವನ್ನು ಬರೆಯದೆ ಬಿಡುವ ಪದ್ಧತಿಯಿದ್ದರೂ ವಕಾರವು ಸ್ಪಷ್ಟವಾಗಿ ನಿಂತಿದೆ. ಅರಮನೆಗೆ ಬೆಂಕಿ ಬಿದ್ದು ಹಸಿಮಣ್ಣು ಸುಟ್ಟು ಗಟ್ಟಿಯಾದುದರಿಂದ ಮೂರು ಸಾವಿರದ ಇನ್ನೂರು ವರುಷಗಳ ಹಿಂದಿನ ದುಡಿಯುವ ಹೆಂಗಸಿನ ಮಗಳು ತನ್ನ ವಕಾರದೊಡನೆ ನಮ್ಮ ಕೈಗೆ ಬಂದಿದ್ದಾಳೆ.

ತಾಯಿ ಮಗಳನ್ನು ಒಟ್ಟಾಗಿ ಕರೆಯಬೇಕಾದಾಗ ಗ್ರೀಕರಿಗೆ ನಮ್ಮಲ್ಲಿಲ್ಲದ ಒಂದು ಸಾಧನವಿತ್ತು. ಸಂಸ್ಕೃತ ಕಲಿತ ಹುಡುಗಿಯರಿಗೆ ದ್ವಿವಚನವು ಗೊತ್ತು. ಗೊತ್ತಾಗಿ ಅದನ್ನು ಶಪಿಸಿದವರೂ ಉಂಟು. ಅಥೆನ್ಸಿನವರು ದೇಮೇತೇರ್ ಮತ್ತು ಕೊರೇಯನ್ನು ‘ತೋ ಥೆಯೋ’ ಎಂದರು: ಆ ದೇವತೆಗಳಿಬ್ಬರು. ಹೆಸರುಗಳನ್ನು ಹೇಳಬೇಕಾಗಿರಲಿಲ್ಲ, ದ್ವಿವಚನವೇ ಹೆಸರಾಯಿತು. ಎಲ್ಯೂಸಿಸಿನ ಅವರ ಗುಡಿಗೆ ರೈತರು ಕೊಡಬೇಕಾದ ಪ್ರಥಮಫಲವನ್ನು ಗೊತ್ತುಮಾಡಿದ ಕ್ರಿ. ಪೂ. 5ನೆಯ ಶತಮಾನದ ಶಾಸನವು ಉಳಿದಿದೆ. ಬಾರ್ಲಿಯಲ್ಲಿ 600ಕ್ಕೆ ಒಂದು ಪಾಲಿಗೂ ಗೋದಿಯಲ್ಲಿ 1,200ಕ್ಕೆ ಒಂದು ಪಾಲಿಗೂ ಕಡಿಮೆಯಿಲ್ಲದೆ ‘ದೇವತೆಗಳಿಬ್ಬರಿಗೆ’, ದ್ವಿವಚನದ ಚತುರ್ಥಿಯಲ್ಲಿ. ಹೊಸ ಒಡಂಬಡಿಕೆಯ ಕಾಲಕ್ಕೆ ಗ್ರೀಕಿನಿಂದ ದ್ವಿವಚನವು ಪೂರ್ತಿಯಾಗಿ ಹೊರಟುಹೋಗಿತ್ತು. ಅದರಲ್ಲಿ ಹುಡುಕಿದರೂ ಒಂದು ಸಿಕ್ಕುವದಿಲ್ಲ.

ಈ ದ್ವಿವಚನದಲ್ಲಿ ಆಣೆಯಿಡುವದು ಅಥೆನ್ಸಿನಲ್ಲಿ ಹೆಂಗಸರ ವಾಡಿಕೆ. ‘ದೇವತೆಗಳಿಬ್ಬರ ಆಣೆ’ ಎಂದರೆ ಮಾತಾಡಿದ್ದು ಹೆಂಗಸೆಂದು ಮುಖ ನೋಡದೆ ತಿಳಿಯುತ್ತಿತ್ತು. ಅರಿಸ್ಟೊಫನೀಸನು ಕ್ರಿ. ಪೂ. 391ರ ಸುಮಾರಿಗೆ ಆಡಿಸಿದ ಒಂದು ಪ್ರಹಸನದಲ್ಲಿ ಅಥೆನ್ಸಿನ ಹೆಂಗಸರು ಗಂಡಸರ ವೇಷ ಹಾಕಿ, ಗಡ್ಡ ಕಟ್ಟಿಕೊಂಡು, ಜನಸಭೆಗೆ ನುಗ್ಗಿ ಆಳಿಕೆಯನ್ನು ತಮಗೆ ವಹಿಸಿಕೊಳ್ಳುವ ಹಂಚಿಕೆ ಹೂಡುತ್ತಾರೆ. ಮೊದಲು ಭಾಷಣದ ಅಭ್ಯಾಸ. ಒಬ್ಬಳು ಎದ್ದು ಚೆನ್ನಾಗಿಯೇ ಆರಂಭಿಸಿ ನಡುವೆ ದೇವತೆಗಳಿಬ್ಬರ ಮೇಲೆ ಆಣೆಯಿಟ್ಟುಬಿಡುತ್ತಾಳೆ. ನಾಯಕಿ ಪ್ರಾಕ್ಸಗೋರ ಅವಳನ್ನು ಗದರಿಸುತ್ತಾಳೆ. ತಿದ್ದಿಕೊಂಡು ಮತ್ತೆ ಸಾಗುವಾಗ ಸಭೆಯನ್ನು ‘ಹೆಂಗಸರೇ’ ಎಂದು ಸಂಬೋಧಿಸಲಾಗಿ ಮತ್ತೆ ಗದರಿಕೆ! ಗಡ್ಡವು ಸರಿಯಾಗಿದೆ, ಬೂಟು ಸರಿಯಾಗಿದೆ, ಕೋಲು ಸರಿಯಾಗಿದೆ. ಹಿಡಿದುಕೊಟ್ಟದ್ದು ಒಂದು ದ್ವಿವಚನ, ಒಂದು ಸಂಬೋಧನೆ. ಆ ಹೆಂಗಸರ ಪಾತ್ರಗಳನ್ನು ಆಡಿದವರು ಗಂಡಸರೇ ಎಂಬುದನ್ನೂ ಸೇರಿಸಿ ನೋಡಿದರೆ ವಿನೋದವು ಇಮ್ಮಡಿಯಾಗುವದು. ಹೆಂಗಸರು ಬರೆದ ಬರಹವು ಆ ಊರಿನಿಂದ ನಮಗೆ ಬಂದಿರುವದು ಅತ್ಯಲ್ಪ. ಅವರು ಹೇಗೆ ಮಾತಾಡುತ್ತಿದ್ದರೆಂಬುದರ ಗುರುತುಗಳಲ್ಲಿ ಒಂದು ವ್ಯಾಕರಣದ ಈ ಮೂಲೆಯಲ್ಲಿ ಸಿಕ್ಕುತ್ತದೆ. ವ್ಯಾಕರಣವು ಗಂಡು ಪಂಡಿತರ ಒಣ ವಿದ್ಯೆ, ಹೆಣ್ಣುಮಕ್ಕಳಿಗೆ ಹೊರೆ ಎನ್ನುವವರಿಗೆ ನಮ್ಮ ಉತ್ತರದ ಬಹುಭಾಗ ಇದೇ.

ಹಳೆಯ ವಿದ್ಯಾರ್ಥಿನಿಯರ ಸಂಘದವರು ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಅದಕ್ಕೂ ಇಲ್ಲಿಯೇ ಉತ್ತರ ಹೇಳಬಹುದು. ಆಮಂತ್ರಣ ಪತ್ರಿಕೆಯಲ್ಲಿ ‘ಅಧ್ಯಕ್ಷೆ’ ಎಂದು ಅಚ್ಚುಮಾಡಿಸಬೇಕೋ ‘ಅಧ್ಯಕ್ಷರು’ ಎಂದೋ? ಹೆಣ್ಣುರೂಪವನ್ನು ಹಾಕಿದರೆ ಗೌರವ ಕಡಿಮೆಯೆಂದು ಒಬ್ಬರು, ಹಾಕದಿದ್ದರೆ ಹೆಣ್ಣನ್ನು ಮರೆಸಿದಂತೆಂದು ಇನ್ನೊಬ್ಬರು. ವಾದ ಬಹಳ ಬೆಳೆದಿದೆಯೆಂದು ಕೇಳಿದೆವು. ಗ್ರೀಕಿನಲ್ಲಿ ದೇವರಿಗೆ ‘ಥೆಯೊಸ್’, ರೂಪವು ಪುಲ್ಲಿಂಗದ್ದು. ಆದರೆ ಅಥೆನ್ಸಿನವರು ತಮ್ಮ ನಗರದ ದೇವಿಯನ್ನು ‘ಹೇ ಥೆಯೊಸ್’ ಎಂದರು. ಸ್ತ್ರೀಲಿಂಗದ ಉಪಪದವನ್ನು ಮುಂದೆ ಇಟ್ಟು ನಾಮಪದವನ್ನು ಹಾಗೆಯೇ ಬಿಟ್ಟರು. ಸ್ತ್ರೀಪ್ರತ್ಯಯ ಹಚ್ಚಿದ ‘ಥೆಯಾ’ ಎಂಬ ರೂಪವೂ ಇತ್ತು. ಅದು ಕಾವ್ಯದಲ್ಲಿ ಹೆಚ್ಚು, ದೇವರೂ ದೇವಿಯರೂ ಎಂದು ಎದುರುಬದುರಾಗಿ ಹೇಳುವಾಗ ಹೆಚ್ಚು. ಎಫೆಸದ ಗಲಭೆಯ ಅಧ್ಯಾಯದಲ್ಲಿಯೇ ಎರಡೂ ಉಂಟು: ಅಕ್ಕಸಾಲಿಗ ದೇಮೇತ್ರಿಯನ ಮಾತಿನಲ್ಲಿ ಅರ್ತೆಮೀದೇವಿಯು ಥೆಯಾ, ಹಳೆಯ ಪ್ರತಿಗಳ ಪಾಠದಂತೆ 37ನೆಯ ವಚನದಲ್ಲಿ ಪಟ್ಟಣದ ಯಜಮಾನನ ಬಾಯಲ್ಲಿ ಅವಳು ಹೇ ಥೆಯೊಸ್. ಕಚೇರಿಯವನು ಕಚೇರಿಯ ಮಾತನ್ನಾಡಿದನು. ಇದರಿಂದ ದೇವಿಯ ಮಾನ ಏರಲೂ ಇಲ್ಲ, ಇಳಿಯಲೂ ಇಲ್ಲ.

ಕನ್ನಡದಲ್ಲಿ ನಾವು ಇದನ್ನೇ ಮಾಡುತ್ತಿದ್ದೇವೆ, ಗಮನಿಸಿಲ್ಲ. ನಿಮ್ಮ ಮನೆದೇವರು ಯಾರೆಂದು ನೆರೆಯವರನ್ನು ಕೇಳಿದರೆ ‘ಯಲ್ಲಮ್ಮ’ ಎನ್ನುತ್ತಾರೆ. ದೇವರು ಎಂಬ ಮಾತಿಗೆ ಅಲ್ಲಿ ಸ್ತ್ರೀಪ್ರತ್ಯಯ ಬೇಕಾಗಲಿಲ್ಲ. ನಮ್ಮ ‘-ಅರು’ ಪ್ರತ್ಯಯವು ಗಂಡಿಗೂ ಹೆಣ್ಣಿಗೂ ಸಮಾನವಾಗಿ ಸಲ್ಲುವದು, ಗೌರವವನ್ನೂ ತರುವದು. ಆದುದರಿಂದ ನಮ್ಮ ಅಭಿಪ್ರಾಯವು, ಹುದ್ದೆಯು ಮುಖ್ಯವಾದಲ್ಲಿ ಅಧ್ಯಕ್ಷರು, ಹೆಣ್ಣೆಂಬುದೇ ಹೇಳಬೇಕಾದ ವಿಷಯವಾದಲ್ಲಿ ಅಧ್ಯಕ್ಷೆ. ಹೆಂಗಸರೇ ತುಂಬಿರುವ ಸಂಘದಲ್ಲಿ ಎರಡನೆಯದಕ್ಕೆ ಅಷ್ಟು ಅವಸರ ಕಾಣುವದಿಲ್ಲ. ಇದಕ್ಕಿಂತ ನಮ್ಮ ಮನಸ್ಸನ್ನು ಚುಚ್ಚುವ ಸಂಗತಿ ಬೇರೆಯುಂಟು. ಕೆಲವು ಮನೆಗಳಲ್ಲಿ ಮಗನು ‘ಬಂದ’, ಮಗಳು ‘ಬಂತು’. ಪ್ರೀತಿಯಿಂದಲೇ ಹಾಗೆನ್ನುತ್ತಾರೆ, ಬಲ್ಲೆವು. ಕೆಲವು ಮನೆಮಾತುಗಳಲ್ಲಿ ಅದೇ ಕ್ರಮವೆಂಬುದನ್ನೂ ಬಲ್ಲೆವು. ಆದರೂ ಕ್ರಿಯಾಪದದ ಈ ಕೊನೆಯನ್ನು ಎಂದಾದರೂ ಕಿವಿಯಿಟ್ಟು ಕೇಳಿದ ಹುಡುಗಿ ಮಾತ್ರ ಅದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ತಾನೇ ಆರಿಸಿಕೊಳ್ಳಬಲ್ಲಳು. ಪಟ್ಟಿಯನ್ನು ಬಾಯಿಪಾಠ ಮಾಡಿದವಳಿಗೆ ಅದು ಕೇಳಿಸುವದಿಲ್ಲ.

ಗಣಿತಕ್ಕೆ ಸಮಯ ಬೇಕೆಂಬ ಮಾತನ್ನು ನಾವು ಅಲ್ಲಗಳೆಯುವದಿಲ್ಲ. ಬಾಯಿಪಾಠದ ವ್ಯಾಕರಣಕ್ಕೆ ವಾರಕ್ಕೆ ಒಂದು ಅವಧಿಯೂ ಹೆಚ್ಚೆಂಬುದನ್ನು ಸಹ ಒಪ್ಪುತ್ತೇವೆ. ಹಾಗೆ ಕಲಿಸುವದಾದರೆ ಪೋಷಕರ ದೂರೇ ನ್ಯಾಯ. ಆದುದರಿಂದ ಬರುವ ಜೂನಿನಿಂದ ಒಂಬತ್ತನೆಯ ತರಗತಿಯಲ್ಲಿ ಎರಡು ಅವಧಿಗಳೂ ಉಳಿಯುವವು, ಗೈಡು ಮಾತ್ರ ತರಗತಿಯ ಹೊರಗೆ ಉಳಿಯುವದು. ಹುಡುಗಿಯರು ತಮ್ಮ ಮನೆಯ ಅಜ್ಜಿಯರ ಮಾತುಗಳನ್ನು ಬರೆದು ತಂದು, ಯಾವ ಶಬ್ದಕ್ಕೆ ಯಾವ ಕೊನೆ ಬಂತೆಂದು ಚೀಟಿಗಳಲ್ಲಿ ವಿಂಗಡಿಸುವರು. ಪೆಟ್ಟಿಗೆಗಳನ್ನು ನಾವು ಒದಗಿಸುವೆವು, ಸಿಗರೇಟಿನವು ಅಲ್ಲ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಕಿಟ್ಟೆಲರ 1903ರ ವ್ಯಾಕರಣವೋ ಶಬ್ದಮಣಿದರ್ಪಣದ ಹಳೆಯ ಮುದ್ರಣವೋ ಇದ್ದರೆ ಶಾಲೆಯ ಪುಸ್ತಕಭಂಡಾರಕ್ಕೆ ಎರವಲಾಗಿ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ನಮ್ಮಲ್ಲಿರುವ ಪ್ರತಿಯ ಷಷ್ಠೀ ವಿಭಕ್ತಿಯ ಪುಟಗಳನ್ನು ಗೆದ್ದಲು ತಿಂದಿದೆ.